ಬಿಟ್ಟ ಬಾಡನ್ನು ಮತ್ತೆ ತಿನ್ನುವವರಿಗೆ ನಾಲ್ಕು ಮಾತು

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ನಮ್ಮ ಹಾಸ್ಟೆಲುಗಳಲ್ಲಿ ಎರಡು ಥರದವರಿದ್ದೇವೆ. ಮನೆಯಲ್ಲಿ ಬಾಡು ತಿಂದು ಕಾಲೇಜಿನಲ್ಲಿ ಬಚ್ಚಿಡುವವರು ಒಂದು ಥರ. ಅಪ್ಪನೋ ಅಜ್ಜನೋ ದೀಕ್ಷೆ ತಗೊಂಡು, ಭಜನೆ ಸೇರಿ ಬಾಡು ಬಿಟ್ಟದ್ದರಿಂದ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದೆ ಬೆಳೆದವರು ಇನ್ನೊಂದು ಥರ. ಈ ಎರಡನೆಯವರು ಈಗ ಕೇಳುತ್ತಿದ್ದಾರೆ: "ಇಷ್ಟು ವರ್ಷ ಬಿಟ್ಟಿದ್ದೀವಿ. ಈಗ ತಿನ್ನಬಹುದಾ? ಮೈಗೆ ಆಗುತ್ತಾ? ಮನೇಲಿ ಏನು ಹೇಳೋದು?" ಇದು ಬರೀ ಹೊಟ್ಟೆಯ ಪ್ರಶ್ನೆಯಲ್ಲ, ಮಾನದ ಪ್ರಶ್ನೆಯೂ ಹೌದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಬಾಬಾಸಾಹೇಬರೇ ಮಾಂಸ ಬಿಡಿ ಅಂದಿದ್ದಾರಲ್ಲ" ಅಂತ ಹಿರಿಯರು ಹೇಳುವುದುಂಟು. 1927ರ ಮಾರ್ಚ್ ತಿಂಗಳಲ್ಲಿ ಮಹಾಡ್ ಸಮಾವೇಶದಲ್ಲಿ ಅಂಬೇಡ್ಕರ್ ಬಿಡಿ ಅಂದದ್ದು ಸತ್ತ ದನದ ಮಾಂಸವನ್ನು, ಇನ್ನೊಬ್ಬರು ತಿಂದು ಮಿಕ್ಕಿದ ಕೂಳನ್ನು. ಊರವರ ಸತ್ತ ದನ ಹೊರುವುದು ಬಿಟ್ಟಿ ಚಾಕರಿ, ಆ ಚಾಕರಿಗೆ ಕೂಲಿ ಅದೇ ಸತ್ತ ದನ. ಆ ಕೂಲಿಯನ್ನು ಬಿಡುವುದೆಂದರೆ ಚಾಕರಿಯನ್ನೇ ಬಿಡುವುದು. ಅದು ಸ್ವಾಭಿಮಾನದ ಹೆಜ್ಜೆ. ದುಡಿದ ಕಾಸಿನಲ್ಲಿ ಕೊಂಡ ಕೋಳಿಯನ್ನು, ಮಾರಿಕಣಿವೆಯ ಮೀನನ್ನು ಬಿಡುವುದು ಬೇರೆಯೇ ಮಾತು.

ಮತ್ತೆ 1948ರಲ್ಲಿ, ಅಸ್ಪೃಶ್ಯರು ಯಾರು ಎಂಬ ಪುಸ್ತಕದಲ್ಲಿ ಅವರು ಇತಿಹಾಸವನ್ನೇ ಬಗೆದು ತೋರಿಸಿದರು. ಹಿಂದೆ ಬ್ರಾಹ್ಮಣರೂ ದನದ ಮಾಂಸ ತಿನ್ನುತ್ತಿದ್ದರು, ಬೌದ್ಧರ ಮೇಲೆ ಮೇಲುಗೈ ಪಡೆಯಲು ಬಿಟ್ಟರು, ತಿನ್ನುತ್ತಲೇ ಉಳಿದ ಬಡವರನ್ನು ಹೊಲೆಯೆಂದು ಹೊರಗಿಟ್ಟರು ಎಂಬುದು ಅವರ ವಾದ. ಅಂದರೆ ತಟ್ಟೆಯಲ್ಲಿ ಮೇಲು ಕೀಳು ಹುಟ್ಟಿದ್ದು ತಾನಾಗಿ ಅಲ್ಲ, ಹುಟ್ಟಿಸಿದ್ದು.

ನಮ್ಮ ಹಿರಿಯರು ಯಾಕೆ ಬಿಟ್ಟರು? ಬಿಟ್ಟರೆ ಊರವರು ಹತ್ತಿರ ಸೇರಿಸ್ತಾರೆ ಅಂದುಕೊಂಡರು. ಕೆಳಜಾತಿಗಳು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದನ್ನು ನಮ್ಮ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಪುಸ್ತಕದಲ್ಲಿ ಸಂಸ್ಕೃತೀಕರಣ ಅಂತ ಕರೆದರು. ಬಾಡು ಬಿಟ್ಟವರಿಗೆಲ್ಲ ಹೋಟ್ಲಿನ ಬೇರೆ ಲೋಟ ತಪ್ಪಿತೇ? ಗುಡಿಯ ಬಾಗಿಲು ತೆರೆಯಿತೇ? ನಿಮ್ಮ ನಿಮ್ಮ ಊರಿನಲ್ಲೇ ಕೇಳಿ ನೋಡಿ.

ಇನ್ನೊಂದು ವಿಷಯ. ಪಟ್ಟಣಗಳಲ್ಲಿ ಈಗ ವೀಗನ್ ಎಂಬ ಮಾತಿದೆ. ಹಾಲು, ಮೊಸರು, ತುಪ್ಪ, ಮೊಟ್ಟೆ ಯಾವುದೂ ಬೇಡ ಅನ್ನುವ ನೇಮ. ಪ್ರಾಣಿಹಿಂಸೆ ಬೇಡವೆಂದು ಯೋಚಿಸಿ ಬಿಟ್ಟವರನ್ನು ನಾವು ಗೇಲಿ ಮಾಡೋದಿಲ್ಲ. ಆದರೆ ನಮ್ಮ ಕೇರಿಗಳಲ್ಲಿ ನೇಮವಿಲ್ಲದೆಯೇ ವೀಗನ್ ಆದವರಿದ್ದಾರೆ. ಮೇಲಿನವರು ಬಾಡು ತಿನ್ನದಿದ್ದರೆ ಅವರ ತಟ್ಟೆಗೆ ಹಾಲು, ಬೆಣ್ಣೆ ಇದೆ. ನಮ್ಮವರು ಬಾಡು ಬಿಟ್ಟರು, ಅದರ ಜಾಗಕ್ಕೆ ಏನೂ ಬರಲಿಲ್ಲ. ಇದ್ದ ಒಂದು ಎಮ್ಮೆಯ ಹಾಲು ಡೈರಿಗೆ ಹೋಯಿತು. ಅವ್ವನ ತಟ್ಟೆಯಲ್ಲಿ ಉಳಿದದ್ದು ಮುದ್ದೆ, ಸೊಪ್ಪಿನ ಸಾರು.

ಮುದ್ದೆ ಕೀಳಲ್ಲ. ರಾಗಿಯಲ್ಲಿ ಸುಣ್ಣದಂಶ ಸಮೃದ್ಧಿಯಾಗಿದೆ. ಹುರುಳಿ, ಅವರೆ, ಕಡ್ಲೆಕಾಯಿಯಲ್ಲಿ ಪ್ರೋಟೀನಿದೆ. ಹೊಸದುರ್ಗದ ಕಡೆಯ ಸಾಮೆ, ನವಣೆಯೂ ಗಟ್ಟಿ ಆಹಾರವೇ. ಆದರೆ ಬಿ-12 ಎಂಬ ಜೀವಸತ್ವ ಕಾಳಿನಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಅದು ಇರುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ, ಅದರಲ್ಲೂ ಲಿವರಿನಲ್ಲಿ. ನಮ್ಮ ಮೈ ಅದನ್ನು ಕೂಡಿಟ್ಟುಕೊಂಡಿರುತ್ತದೆ, ಹಾಗಾಗಿ ಕೊರತೆ ಗೊತ್ತಾಗಲು ವರ್ಷಗಳೇ ಹಿಡಿಯುತ್ತವೆ. ಆಮೇಲೆ ಸುಸ್ತು, ಕೈಕಾಲು ಜೋಮು, ನಾಲಿಗೆ ಉರಿ, ಮರೆವು. ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂತ ನಿಮ್ಮನ್ನು ನೀವೇ ದಡ್ಡರೆಂದು ಬೈದುಕೊಳ್ಳುವ ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬಾಡು ಬೇಡವೆನ್ನುವವರಿಗೆ ಬಿ-12 ಮಾತ್ರೆಯೂ ಇದೆ.

ಮತ್ತೆ ತಿನ್ನಲು ಹೊರಟವರಿಗೆ: "ಬಿಟ್ಟವರ ಹೊಟ್ಟೆ ಬಾಡು ಅರಗಿಸೋಲ್ಲ" ಅನ್ನೋದು ಸುಳ್ಳು. ಬೇಳೆಯ ಪ್ರೋಟೀನನ್ನು ಅರಗಿಸುವ ರಸಗಳೇ ಬಾಡನ್ನೂ ಅರಗಿಸುತ್ತವೆ. ಆದರೆ ಮೊದಲ ದಿನವೇ ಬೀಗರೂಟದಲ್ಲಿ ಕೂತು ಕೊಬ್ಬು, ಮಸಾಲೆ ಹೊಡೆದರೆ ಹೊಟ್ಟೆ ಭಾರವಾಗುತ್ತದೆ. ಮೊದಲು ಬೇಯಿಸಿದ ಅರ್ಧ ಮೊಟ್ಟೆ. ನಾಲ್ಕು ದಿನ ಬಿಟ್ಟು ಒಂದು. ಆಮೇಲೆ ಮುದ್ದೆಗೆ ಕೋಳಿ ಎಸರು, ಮೀನು, ಚೂರು ತುಂಡು. ಚೆನ್ನಾಗಿ ಬೆಂದಿರಬೇಕು. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ನಿಲ್ಲಿಸಿ ತಕ್ಷಣ ವೈದ್ಯರ ಹತ್ತಿರ ಹೋಗಿ. ವಾಸನೆಗೇ ಹೊಟ್ಟೆ ತೊಳೆಸಿದರೆ ನಾಚಬೇಡಿ, ಅದು ಅಭ್ಯಾಸದ ಮಾತು. ಸೊಪ್ಪು, ಕಾಳು ಬಿಡಬೇಡಿ. ಊಟಕ್ಕೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಕಮ್ಮಿ.

ಹುಡುಗಿಯರಿಗೆ ಒಂದು ಮಾತು, ಹುಡುಗರೂ ಕೇಳಿಸಿಕೊಳ್ಳಿ. ತುಂಡು ಗಂಡಸರಿಗೆ, ಎಸರು ಹೆಂಗಸರಿಗೆ ಅನ್ನುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಪಂಕ್ತಿಭೇದದ ವಿರುದ್ಧ ಘೋಷಣೆ ಕೂಗುವ ನಾವು ಮನೆಯ ಪಂಕ್ತಿಯನ್ನೂ ನೋಡಬೇಕು.

2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದ್ದರೂ ಗಲಾಟೆ. ಮಕ್ಕಳೂ ತಾಯ್ತಂದೆಯರೂ ಮೊಟ್ಟೆ ಬೇಕೆಂದರು. ಮುಂದೆ ಅದು ಎಲ್ಲ ಜಿಲ್ಲೆಗೂ ಬಂತು. ಸರ್ಕಾರದ್ದೇ 2014ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 79 ಜನ ಬಾಡು ತಿನ್ನುವವರು. ಹೀಗಿದ್ದೂ ಉಳಿದವರ ಊಟವೇ ಪವಿತ್ರ, ನಮ್ಮದು ಮೈಲಿಗೆ ಅನ್ನುವುದಾದರೆ, ಆ ಲೆಕ್ಕ ಬರೆದವರು ಯಾರು?

ಹಾಗಂತ ಬಾಡು ತಿಂದ ಮಾತ್ರಕ್ಕೆ ಯಾರೂ ಹೋರಾಟಗಾರರಾಗೋದಿಲ್ಲ. ತಿನ್ನದ ಗೆಳೆಯನನ್ನು "ಪುಳಚಾರು" ಅಂತ ಹೀಯಾಳಿಸುವುದು, ಅವನ ಸಾರಿನಲ್ಲಿ ಕದ್ದು ತುಂಡು ಹಾಕುವುದು ಪುರೋಹಿತಶಾಹಿಯ ಇನ್ನೊಂದು ಮುಖ. ಭಯಕ್ಕೆ ಬಿಡುವುದೂ ಬೇಡ, ಬಲವಂತಕ್ಕೆ ತಿನ್ನುವುದೂ ಬೇಡ.

ಮನೆಯಲ್ಲಿ ಏನು ಹೇಳೋದು? ಅವ್ವನ ದೇವರ ಮುಂದೆ ಜಗಳ ಆಡಬೇಡಿ. "ಅವ್ವಾ, ನೀನು ಬಿಟ್ಟದ್ದು ನಮ್ಮನ್ನು ನಾಲ್ಕು ಜನ ಗೌರವದಿಂದ ನೋಡಲಿ ಅಂತ. ನಾನು ತಿನ್ನೋದು ನನ್ನನ್ನು ನಾನೇ ಗೌರವದಿಂದ ನೋಡಿಕೊಳ್ಳೋಕೆ" ಅಂತ ಹೇಳಿ. ಅವಳು ಅತ್ತರೂ ಕೂತು ಮಾತಾಡಿ. ರಜೆಯಲ್ಲಿ ಊರಿಗೆ ಹೋದಾಗ, ಡೈರಿಗೆ ಹೋಗುವ ಹಾಲಿನಲ್ಲಿ ಒಂದು ಲೋಟ ಮೊದಲು ಅವಳಿಗೆ ಕುಡಿಸಿ.

ಜೈ ಭೀಮ್.