ಹೆಬ್ಬೆಟ್ಟಿನ ಕಾವಲು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ಉತ್ಸವವೆಂದರೆ ನುಡಿಯ ಅಳಿವು ಉಳಿವುಗಳ ಮಾತನ್ನಾಡುವುದು ವಾಡಿಕೆ. ನಾವು ಇಂದು ಒಂದು ಲೌಕಿಕ ವಿಷಯವನ್ನು ಎತ್ತಿಕೊಂಡಿದ್ದೇವೆ. ಒಬ್ಬನ ಹೆಸರು, ಸಂಖ್ಯೆ, ಬೆರಳಗುರುತುಗಳನ್ನು ಮತ್ತೊಬ್ಬನು ಕದ್ದು, ತಾನೇ ಅವನೆಂದು ನಟಿಸಿ ಹಣವನ್ನು ಅಪಹರಿಸುವ ಕಳ್ಳತನವೂ ಅದರಿಂದ ನಮ್ಮ ಮನೆಗಳನ್ನು ಕಾಯ್ದುಕೊಳ್ಳುವ ಬಗೆಯೂ ಇಂದಿನ ವಿಷಯ. ಇದು ನುಡಿಗೆ ಸಂಬಂಧಿಸದ ಸಂಗತಿಯೇನೂ ಅಲ್ಲವೆಂಬುದು ಮುಂದೆ ತಮಗೇ ತಿಳಿಯುವುದು.

ಈ ಕಳ್ಳವಿದ್ಯೆ ಹೊಸದಲ್ಲ. ಅರಸನ ಹೆಸರಿನಲ್ಲಿ ಸುಳ್ಳು ತಾಮ್ರಪಟಗಳನ್ನು ಸೃಷ್ಟಿಸಿ, ಅನ್ಯರ ಭೂಮಿಗೆ ಹಕ್ಕು ಹೇಳಿದವರು ಹಿಂದೆಯೂ ಇದ್ದರು. ಅಂಥವನ್ನು ಕೂಟಶಾಸನಗಳೆಂದು ಕರೆಯುವುದುಂಟು. ಗಂಗರ ಹೆಸರಿನಲ್ಲಿ ದೊರೆತ ತಾಮ್ರಪಟಗಳಲ್ಲಿ ಅನೇಕವನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು. ಅಂಥ ನಿಷ್ಠುರ ಪರೀಕ್ಷಕರೇ ನಿಜವೆಂದು ಒಪ್ಪಿಕೊಂಡ ಪ್ರಾಚೀನ ಗಂಗಶಾಸನವೊಂದು ನಮ್ಮ ಪೆನುಕೊಂಡದ್ದು. ಬಿ. ಎಲ್. ರೈಸ್ ಪ್ರಕಟಿಸಿದ ಆ ತಾಮ್ರಪಟವು ಐದನೆಯ ಶತಮಾನದ್ದೆಂದು ವಿದ್ವಾಂಸರ ಮತ. ಪರುವಿ ಎಂಬಲ್ಲಿಯ ಕೆರೆಯ ಕೆಳಗಿನ ಗದ್ದೆಗಳನ್ನು ಗಂಗರಾಜ ಮಾಧವನು ದಾನವಿತ್ತುದನ್ನು ಅದು ಹೇಳುತ್ತದೆ. ಅಕ್ಷರಗಳ ರೂಪವು ಕಾಲಕ್ಕೆ ಒಪ್ಪುವುದೆ, ತಿಥಿವಾರಗಳು ಗಣನೆಗೆ ಹೊಂದುವುವೆ, ವಂಶಾವಳಿ ಸರಿಯೆ ಎಂದು ತೂಗಿ ನೋಡಿಯೇ ವಿದ್ವಾಂಸರು ಸತ್ಯಾಸತ್ಯಗಳನ್ನು ನಿರ್ಣಯಿಸುತ್ತಾರೆ. ಮುದ್ರೆಯಿದ್ದ ಮಾತ್ರಕ್ಕೆ ನಂಬುವುದಿಲ್ಲ.

ಅಂದು ಮುದ್ರೆಯಿದ್ದುದು ಅರಸನಲ್ಲಿ. ಇಂದು ಅದು ನಮ್ಮೆಲ್ಲರ ಬೆರಳ ತುದಿಯಲ್ಲಿದೆ. ಹೆಬ್ಬೆಟ್ಟನ್ನು ಒತ್ತುವುದು ಒಂದು ಕಾಲದಲ್ಲಿ ಓದುಬರಹ ಅರಿಯದವರ ಗುರುತಾಗಿತ್ತು. ರಾತ್ರಿಶಾಲೆಗಳಲ್ಲಿ ರುಜು ಹಾಕಲು ಕಲಿತವರು ಹೆಬ್ಬೆಟ್ಟಿನ ಕಾಲ ಮುಗಿಯಿತೆಂದು ಹೆಮ್ಮೆಪಟ್ಟರು. ಕಾಲಚಕ್ರವು ತಿರುಗಿ, ಇಂದು ಪಂಡಿತನೂ ಪಾಮರನೂ ಒಂದೇ ಯಂತ್ರದ ಮೇಲೆ ಬೆರಳಿಡಬೇಕಾಗಿದೆ. ಪಡಿತರಕ್ಕೆ ಬೆರಳು, ಸಿಮ್ ಕಾರ್ಡಿಗೆ ಬೆರಳು, ಖಾತೆಯ ಹಣಕ್ಕೂ ಬೆರಳು. ಆಧಾರ್ ಆಧಾರಿತ ಪಾವತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಗುರುತು ಇವು ಮೂರಿದ್ದರೆ ಹಣವನ್ನು ತೆಗೆಯಬಹುದು. ಕಾರ್ಡಾಗಲಿ ಗುಪ್ತಸಂಖ್ಯೆಯಾಗಲಿ ಬೇಕಿಲ್ಲ. ಬ್ಯಾಂಕು ದೂರವಿರುವ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅನುಕೂಲದ ಬಾಗಿಲಿನಿಂದಲೇ ಕಳ್ಳನೂ ಒಳಹೊಕ್ಕಿದ್ದಾನೆ.

2018ರಲ್ಲಿ ತೆಲಂಗಾಣದಲ್ಲಿ ಸಿಮ್ ಕಾರ್ಡ್ ಮಾರುವವನೊಬ್ಬನು, ಜಾಲತಾಣದಲ್ಲಿದ್ದ ಭೂಮಿಯ ನೋಂದಣಿ ಪತ್ರಗಳಿಂದ ಜನರ ಹೆಬ್ಬೆಟ್ಟಿನ ಗುರುತುಗಳನ್ನು ತೆಗೆದು, ರಬ್ಬರ್ ಮುದ್ರೆಯನ್ನು ಮಾಡುವಂತೆ ಕೃತಕ ಬೆರಳಚ್ಚುಗಳನ್ನು ತಯಾರಿಸಿ ಸಿಕ್ಕಿಬಿದ್ದನು. 2023ರಲ್ಲಿ ಕರ್ನಾಟಕದಲ್ಲಿಯೂ ಕ್ರಯಪತ್ರಗಳನ್ನು ನೋಂದಾಯಿಸಿದ ಅನೇಕರು, ತಾವು ಬೆರಳಿಡದೆಯೇ ಖಾತೆಯಿಂದ ಹಣ ಹೋಯಿತೆಂದು ಪೊಲೀಸರಲ್ಲಿ ದೂರಿತ್ತರು. ನಮ್ಮ ಹಕ್ಕನ್ನು ಕಾಯಬೇಕಾದ ಪತ್ರವೇ ಕಳ್ಳನ ಕೈಗೆ ಅಚ್ಚನ್ನು ಒದಗಿಸಿದಂತಾಯಿತು.

ಈ ಸಂಕಟ ಎಲ್ಲರಿಗೂ ಉಂಟು. ಗಡಿನಾಡಿನವರಾದ ನಮಗೆ ಅದು ಒಂದು ಪಟ್ಟು ಹೆಚ್ಚು. ಅರ್ಜಿ ತೆಲುಗಿನಲ್ಲಿ, ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಓದಬಲ್ಲ ಮಕ್ಕಳು ಬೆಂಗಳೂರಿನಲ್ಲಿ. ಹೀಗಾಗಿ "ಸ್ವಲ್ಪ ಬರೆದುಕೊಡಪ್ಪಾ" ಎಂದು ಅಪರಿಚಿತನ ಕೈಗೆ ಆಧಾರ್ ಕಾರ್ಡನ್ನೂ ಫೋನನ್ನೂ ಕೊಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ನಮ್ಮ ಬೀದಿಯ ಅಜ್ಜಿಯೊಬ್ಬರ ಖಾತೆಯಿಂದ ಹೀಗೆಯೇ ಹಣ ಹೋಯಿತು. ಹೋದ ದಿನವೇ ಫೋನಿಗೆ ಸಂದೇಶ ಬಂದಿತ್ತು. ಅದನ್ನು ಓದಿದವನು ಮೂರು ವಾರಗಳ ಮೇಲೆ ಊರಿಗೆ ಬಂದ ಮೊಮ್ಮಗ. "ನನ್ನ ಬೆಟ್ಟು ನನ್ನ ಕೈಯಾಗೇ ಐತಲ್ಲಪ್ಪಾ, ದುಡ್ಡು ಹೆಂಗೆ ಹೋತು?" ಎಂದು ಆಕೆ ನಮ್ಮನ್ನು ಕೇಳಿದರು. ಆ ಪ್ರಶ್ನೆಯೇ ಈ ಭಾಷಣಕ್ಕೆ ಕಾರಣ.

ಇನ್ನು ಉಪಾಯಗಳಿಗೆ ಬರೋಣ. ಮೊದಲನೆಯದು, ಬೆರಳಿಗೆ ಬೀಗ. ಆಧಾರಿನ ಜಾಲತಾಣದಲ್ಲಿ ನಮ್ಮ ಬೆರಳಗುರುತು ನಡೆಯದಂತೆ ನಾವೇ ಬೀಗ ಹಾಕಬಹುದು. ಇದಕ್ಕೆ ಫೋನ್ ಸಂಖ್ಯೆ ಆಧಾರಿನೊಡನೆ ನೋಂದಣಿಯಾಗಿರಬೇಕು. ಸಂದೇಹವಿದ್ದರೆ 1947ಕ್ಕೆ ಕರೆಮಾಡಿ ವಿಚಾರಿಸಬಹುದು. ಆದರೆ ಬೀಗವಿದ್ದಾಗ ಪಡಿತರದ ಅಂಗಡಿಯಲ್ಲಿಯೂ ಬೆರಳು ನಡೆಯದು. ಆಗ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಒಬ್ಬಂಟಿಯಾಗಿರುವ ವೃದ್ಧರಿಗೆ ಇದು ತೊಡಕಾದರೆ, ಬೆರಳಿನಿಂದ ಹಣ ತೆಗೆಯುವ ಸೌಕರ್ಯವೊಂದನ್ನೇ ನಿಲ್ಲಿಸಬಹುದೆ ಎಂದು ಅವರ ಬ್ಯಾಂಕಿನಲ್ಲಿ ವಿಚಾರಿಸುವುದು ಮೇಲು.

ಎರಡನೆಯದು, ಪ್ರತಿಯನ್ನು ಕೊಡುವಾಗ ಎಚ್ಚರ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯೂ ದೊರೆಯುತ್ತದೆ. ಸಾಧ್ಯವಿದ್ದೆಡೆ ಅದನ್ನೇ ಕೊಡತಕ್ಕದ್ದು. ಪೂರ್ಣ ಪ್ರತಿಯನ್ನು ಕೊಡಲೇಬೇಕಾದರೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅದರ ಮೇಲೆಯೇ ಬರೆದು ರುಜು ಹಾಕಬೇಕು. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿಯನ್ನು ಬಿಟ್ಟು ಬರಬಾರದು.

ಮೂರನೆಯದು, "ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತು" ಎಂದಾಗ ಸುಮ್ಮನೆ ಒತ್ತಬಾರದು. ಮೊದಲನೆಯದು ಏನಾಯಿತೆಂದು ಕೇಳಿ, ರಸೀದಿಯನ್ನು ಪಡೆಯಬೇಕು. ಫೋನಿಗೆ ಬರುವ ಒಟಿಪಿಯನ್ನು ಬ್ಯಾಂಕಿನವನೆಂದು ಹೇಳಿಕೊಳ್ಳುವವನಿಗೂ ಹೇಳಬಾರದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂಬುದನ್ನು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ನಮ್ಮದಲ್ಲದ್ದನ್ನು ದೂರಬಹುದು.

ಇಷ್ಟಾದ ಮೇಲೂ ಹಣ ಹೋದರೆ ಆ ಗಳಿಗೆಯಲ್ಲಿಯೇ 1930ಕ್ಕೆ ಕರೆಮಾಡಬೇಕು. ಬ್ಯಾಂಕಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿಯನ್ನು ಪಡೆಯಬೇಕು. ಬ್ಯಾಂಕಿನ ತಪ್ಪಾಗಲಿ ಗ್ರಾಹಕನ ತಪ್ಪಾಗಲಿ ಇಲ್ಲದೆ ಹೊರಗಿನ ವಂಚಕನಿಂದ ನಷ್ಟವಾದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಅನ್ಯರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಗುರಿಯಾದ ಅಪರಾಧ. ಆದುದರಿಂದ ಮೋಸಹೋದವರು ನಾಚಿ ಮುಚ್ಚಿಡಬೇಕಾಗಿಲ್ಲ, ನಾಚಬೇಕಾದವನು ಕಳ್ಳ.

ದಿನಗಳ ಎಣಿಕೆ ಸಂದೇಶ ಬಂದಂದಿನಿಂದ ಎಂಬುದನ್ನು ತಾವು ಗಮನಿಸಿರಬಹುದು. ಓದದೆ ಬಿಟ್ಟ ಸಂದೇಶವೇ ಆ ಅಜ್ಜಿಯ ಎರಡನೆಯ ನಷ್ಟ. ನುಡಿಗೂ ಈ ವಿಷಯಕ್ಕೂ ಇರುವ ನಂಟು ಇದೇ. ಆದಕಾರಣ ಸಂಘದ ಮುಂದೆ ನಮ್ಮದೊಂದು ವಿನಂತಿ. ಮೂರು ಭಾಷೆಗಳನ್ನೂ ಬಲ್ಲ ನಮ್ಮ ತರುಣ ತರುಣಿಯರಲ್ಲಿ ಒಬ್ಬೊಬ್ಬರು ಒಂದೊಂದು ಬೀದಿಯನ್ನು ವಹಿಸಿಕೊಂಡು, ದಿನಕ್ಕೊಮ್ಮೆ ಹಿರಿಯರ ಮನೆಗೆ ಹೋಗಿ, ಅವರ ಎದುರಿನಲ್ಲಿಯೇ ಬ್ಯಾಂಕಿನ ಸಂದೇಶಗಳನ್ನು ಓದಿ ಕನ್ನಡದಲ್ಲಿ ತಿಳಿಸಲಿ. ಫೋನು ಹಿರಿಯರ ಕೈಯಲ್ಲೇ ಇರಲಿ. ಒಟಿಪಿಯನ್ನು ಓದುವವರೂ ಕೇಳದಿರಲಿ. ಸಂಘದ ಮುಂದಿನ ವರ್ಷದ ಕಾರ್ಯಗಳಲ್ಲಿ ಇದಕ್ಕೂ ಒಂದು ಸ್ಥಾನವನ್ನು ಕೊಡಬೇಕೆಂದು ಪ್ರಾರ್ಥಿಸುತ್ತೇವೆ.