ಹೊಟ್ಟೆಗೇನು ಮಾಡುತ್ತಾನೆ?

ಹೋದ ಶ್ರಾವಣದಲ್ಲಿ ನಮ್ಮ ಬೀದಿಯ ನೆರೆಯವರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನ ಕಂಕುಳಲ್ಲಿ ಚಿತ್ರ ಬರೆಯುವ ದಪ್ಪ ಪುಸ್ತಕವೊಂದಿತ್ತು. ತಂದೆ ಕುರ್ಚಿಯಲ್ಲಿ ಕುಳಿತರು. ಮಗ ಬಾಗಿಲ ಪಕ್ಕದಲ್ಲಿ ನಿಂತು ನೆಲದ ಹಾಸುಗಲ್ಲುಗಳನ್ನು ಎಣಿಸತೊಡಗಿದ. "ಸ್ವಾಮಿ, ಇವನು ಚಿತ್ರ ಬರೆಯುವುದೇ ನನ್ನ ಕೆಲಸ ಎನ್ನುತ್ತಾನೆ. ಬರೆಯಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಹೊಟ್ಟೆಗೇನು ಮಾಡುತ್ತಾನೆ? ನೀವೇ ಹೇಳಿ" ಎಂದರು.

ನಾನು ನಲವತ್ತು ವರ್ಷಕ್ಕೂ ಮಿಕ್ಕಿ ಪುಸ್ತಕಗಳಿಗೆ ಮುಖಪುಟ ಬರೆದು ಸಂಸಾರ ಸಾಗಿಸಿದವನು. ಅಂಥವನ ಮನೆಯಲ್ಲೇ ಕುಳಿತು ಈ ಪ್ರಶ್ನೆ ಕೇಳಿದರಲ್ಲ ಎಂದು ಒಳಗೊಳಗೇ ನಗು ಬಂತು. ನಗು ಬಂತು, ಉತ್ತರ ಬರಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ. ಹಾಡುವ, ಬರೆಯುವ, ಕುಣಿಯುವ ಮಕ್ಕಳಿರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರಾತ್ರಿ ಊಟದ ಹೊತ್ತಿಗೆ ಏಳುತ್ತದೆ. ನಿಮ್ಮ ಮನೆಯಲ್ಲಿಯೂ ಎದ್ದಿರಬಹುದು. ಅಂದು ಬಾರದಿದ್ದ ಉತ್ತರವನ್ನು ಇಂದು ನಿಮ್ಮೆದುರಿಗೆ ಹುಡುಕಿ ನೋಡುತ್ತೇನೆ.

ಕಲೆಗಾರನ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆಯಿದೆ. ಅವನಿಗೆ ಸ್ಫೂರ್ತಿ ಬರುತ್ತದೆ. ಬಂದಾಗ ಬರೆಯುತ್ತಾನೆ, ಬಾರದಾಗ ತಾರಸಿಯ ಮೇಲೆ ಅಡ್ಡಾಡುತ್ತಾನೆ. ಹಣದ ಮಾತೆತ್ತಿದರೆ ಸ್ಫೂರ್ತಿ ಹಾರಿಹೋಗುತ್ತದೆ. ಈ ನಂಬಿಕೆಗೆ ಸರಿಯಾದ ಪೆಟ್ಟು ಕೊಟ್ಟವನು ಆಂಥೊನಿ ಟ್ರೊಲೋಪ್ ಎಂಬ ಇಂಗ್ಲಿಷ್ ಕಾದಂಬರಿಕಾರ. ಈತ ಅಂಚೆ ಇಲಾಖೆಯ ನೌಕರ. ೧೮೩೪ರಿಂದ ೧೮೬೭ರವರೆಗೆ ಅಲ್ಲಿ ದುಡಿದ. ೧೮೫೨ರಲ್ಲಿ ಜೆರ್ಸಿ ದ್ವೀಪದ ಬೀದಿಗಳಲ್ಲಿ ಕಾಗದ ಹಾಕುವ ಅಂಚೆ ಡಬ್ಬಗಳನ್ನು ನಿಲ್ಲಿಸಿದ್ದು ಇವನ ಸಲಹೆಯಿಂದಲೇ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಎಬ್ಬಿಸಿ ಕಾಫಿ ಕೊಡಲೆಂದೇ ಆಳೊಬ್ಬನಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದನಂತೆ. ಎದುರಿಗೆ ಗಡಿಯಾರ, ಕಾಲು ಗಂಟೆಗೆ ೨೫೦ ಮಾತು. ಒಂದು ಕಾದಂಬರಿ ಹೊತ್ತಿಗೆ ಮುಂಚೆ ಮುಗಿದರೆ ಇನ್ನೊಂದು ಹಾಳೆ ತೆಗೆದು ಮುಂದಿನದನ್ನು ಆರಂಭಿಸುತ್ತಿದ್ದ. ಹೀಗೆ ೪೭ ಕಾದಂಬರಿ ಬರೆದ.

ಇಷ್ಟನ್ನೂ ತನ್ನ ಆತ್ಮಕಥೆಯಲ್ಲಿ ಬಚ್ಚಿಡದೆ ಬರೆದ. ಯಾವ ಪುಸ್ತಕಕ್ಕೆ ಎಷ್ಟು ಹಣ ಬಂತೆಂಬ ಪಟ್ಟಿಯನ್ನೂ ಕೊಟ್ಟ. ಮೊತ್ತ ಸುಮಾರು ೭೦ ಸಾವಿರ ಪೌಂಡು. ಕಾದಂಬರಿಕಾರನೂ ಚಮ್ಮಾರನಂತೆ ಒಂದು ಜೋಡು ಮುಗಿದೊಡನೆ ಇನ್ನೊಂದಕ್ಕೆ ಕೂರಬೇಕು ಎಂಬುದು ಅವನ ಎಣಿಕೆ. ಅವನು ತೀರಿಕೊಂಡ ಮೇಲೆ, ೧೮೮೩ರಲ್ಲಿ ಆ ಪುಸ್ತಕ ಹೊರಬಂತು. ಅನೇಕ ರಸಿಕರು ಮೂಗು ಮುರಿದರು. ಬಹಳ ಕಾಲ ಅವನ ಹೆಸರು ಮಂಕಾಯಿತು. ಕಾದಂಬರಿಗಳು ಅವೇ, ಒಂದಕ್ಷರವೂ ಬದಲಾಗಿರಲಿಲ್ಲ. ಗಡಿಯಾರದ ಸುದ್ದಿ ಗೊತ್ತಾಯಿತು, ಅಷ್ಟೆ. ಅಡಿಗೆ ರುಚಿಯಾಗಿದೆ ಎಂದು ಉಂಡವರು ಅಡಿಗೆಯವನ ಸಂಬಳ ಕೇಳಿ ಬಾಯಿ ತೊಳೆದುಕೊಂಡ ಹಾಗೆ.

ನಮ್ಮವರ ಕಡೆಗೆ ಬರೋಣ. ಹೊಟ್ಟೆಯ ಪ್ರಶ್ನೆಗೆ ಕನ್ನಡದ ಬರಹಗಾರರು ಬಗೆಬಗೆಯ ಉತ್ತರ ಕಂಡುಕೊಂಡಿದ್ದಾರೆ. ಮಾಸ್ತಿಯವರು ೧೯೧೪ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸ್ ಸೇರಿದರು, ೧೯೪೩ರಲ್ಲಿ ಬಿಟ್ಟರು. ಹಗಲೆಲ್ಲ ಕಚೇರಿಯ ಕಡತ, ಉಳಿದ ವೇಳೆಯಲ್ಲಿ ಕಥೆ. 'ಚಿಕವೀರ ರಾಜೇಂದ್ರ'ದಂಥ ದೊಡ್ಡ ಕಾದಂಬರಿ ಬಂದದ್ದು ೧೯೫೬ರಲ್ಲಿ, ನೌಕರಿಯ ಹೊರೆ ಇಳಿದ ಮೇಲೆ. ಸಂಬಳವಿದ್ದುದರಿಂದ ಯಾರ ಮರ್ಜಿಗೂ ಕಾಯದೆ ತಮಗೆ ತೋರಿದಂತೆ ಬರೆದರು ಎನ್ನಬಹುದು. ಆ ಇಪ್ಪತ್ತೊಂಬತ್ತು ವರ್ಷದ ಹಗಲುಗಳು ಕಥೆಗೆ ಸಿಕ್ಕಿದ್ದರೆ ಎಂದು ಕೊರಗಲೂಬಹುದು. ನನಗೆ ಎರಡೂ ನಿಜವೆನ್ನಿಸುತ್ತದೆ.

ಅವರಿಗಿಂತ ಹಿರಿಯರಾದ ಗಳಗನಾಥರು ಶಾಲೆಯ ಮಾಸ್ತರರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅ. ನ. ಕೃಷ್ಣರಾಯರು ಬರಹವನ್ನೇ ನಂಬಿ ಸಂಸಾರ ಹೂಡಿದವರು. ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಅಷ್ಟೊಂದು ಬರೆಯಬಾರದಿತ್ತು ಎಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಮನೆಯ ಅಕ್ಕಿ, ಬೇಳೆ ಲೇಖನಿಯಿಂದಲೇ ಬರಬೇಕಾದಾಗ 'ಸಂಧ್ಯಾರಾಗ'ದಂಥ ಕಾದಂಬರಿಯನ್ನೂ ಕೊಟ್ಟರಲ್ಲ, ಅದನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಡವೆ? ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರ ದಾರಿಯೇ ಬೇರೆ. ಮಕ್ಕಳಿಗಾಗಿ 'ಬಾಲಪ್ರಪಂಚ', ನಾಟಕ, ಯಕ್ಷಗಾನ, ಸ್ವಂತ ಅಚ್ಚುಕೂಟ: ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. ಅವರ ಕಾದಂಬರಿಗಳನ್ನೂ ೪೭ ಎಂದೇ ಎಣಿಸುತ್ತಾರೆ. ಟ್ರೊಲೋಪನ ಲೆಕ್ಕಕ್ಕೆ ಇದು ಹೇಗೆ ಸರಿಹೋಯಿತೋ!

ಗಡಿಯಾರದ ಕಾಟ ಬರಹಗಾರನಿಗಿಂತ ಪತ್ರಿಕೆಯ ಚಿತ್ರಕಾರನಿಗೆ ಹೆಚ್ಚು. ಮೈಸೂರಿನಲ್ಲಿ ಹುಟ್ಟಿ, 'ಕೊರವಂಜಿ'ಗೆ ಚಿತ್ರ ಬರೆದುಕೊಟ್ಟಿದ್ದ ಆರ್. ಕೆ. ಲಕ್ಷ್ಮಣರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ಕೊಟ್ಟಿರಲಿಲ್ಲ. ಅವರೇ ೧೯೫೧ರಲ್ಲಿ ಮುಂಬಯಿಯ ದಿನಪತ್ರಿಕೆಯಲ್ಲಿ ಪುಟ್ಟ ವ್ಯಂಗ್ಯಚಿತ್ರವನ್ನು ಆರಂಭಿಸಿ ಅರ್ಧ ಶತಮಾನ ಮೀರಿ ನಡೆಸಿದರು. ಮೂಲೆಯಲ್ಲಿ ಕಚ್ಚೆಯುಟ್ಟು, ಚೌಕಳಿ ಕೋಟು ತೊಟ್ಟು ಮಾತಿಲ್ಲದೆ ನಿಂತ ಆ ಸಾಮಾನ್ಯ ಮನುಷ್ಯನನ್ನು ನೀವೂ ಬಲ್ಲಿರಿ. ಯೋಚನೆ ಹೊಳೆಯಲಿ ಬಿಡಲಿ, ಅಚ್ಚಿನ ಯಂತ್ರ ಹೊತ್ತಿಗೆ ಸರಿಯಾಗಿ ತಿರುಗುತ್ತದೆ. ಸ್ಫೂರ್ತಿಗಾಗಿ ಅಡ್ಡಾಡುವಷ್ಟು ತಾರಸಿ ಅಲ್ಲಿಲ್ಲ.

ಹಾಗಾದರೆ ಗಡಿಯಾರವೇ ಗುರುವೆ? ಹಾಗೆನ್ನಲು ಹೋದಾಗಲೆಲ್ಲ ನನಗೆ ಕೆ. ವೆಂಕಟಪ್ಪನವರು ನೆನಪಾಗುತ್ತಾರೆ. ಮೈಸೂರು ಅರಮನೆಯ ಚಿತ್ರಕಾರರ ಮನೆತನ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಅವರು ೧೯೨೬ರಲ್ಲಿ ಬರೆದ ಊಟಿಯ ನಿಸರ್ಗ ಚಿತ್ರಗಳನ್ನು ನೋಡಿದರೆ ಮಂಜು ಕಾಗದದ ಮೇಲೆ ಕುಳಿತಿದೆಯೋ ಕಣ್ಣಿನ ಮೇಲೆ ಕುಳಿತಿದೆಯೋ ತಿಳಿಯದು. ಅವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಮದುವೆಯಾಗಲಿಲ್ಲ. ಅವಸರದಲ್ಲಿ ಒಂದು ಗೆರೆಯನ್ನೂ ಎಳೆದಂತೆ ಕಾಣುವುದಿಲ್ಲ. ಅವರನ್ನು ಕಾಲು ಗಂಟೆಯ ಲೆಕ್ಕಕ್ಕೆ ಕಟ್ಟಲಾಗದು. ಹಾಗೆಂದು ನಮ್ಮ ನೆರೆಯವರ ಮಗನಿಗೆ "ನೀನೂ ವೆಂಕಟಪ್ಪನವರಂತೆ ಬದುಕು" ಎನ್ನಲು ನನಗೆ ಧೈರ್ಯವಿಲ್ಲ.

ಈಗ ನನ್ನ ಕಸುಬಿನ ಮಾತು. ೧೯೭೪ರಲ್ಲಿ ನನ್ನ ಮೊದಲ ಮುಖಪುಟ. ಕೈಗೆ ಬಂದದ್ದು ೩೫ ರೂಪಾಯಿ. ಆಗ ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು ಮಾಡಿಸಬೇಕು. ಬಣ್ಣ ಹೆಚ್ಚಿದಷ್ಟೂ ಪ್ರಕಾಶಕರ ಮುಖ ಸಣ್ಣದಾಗುತ್ತಿತ್ತು. ಆದ್ದರಿಂದ ಎರಡೇ ಬಣ್ಣ. ಹಳದಿಯ ಮೇಲೆ ನೀಲಿ ಬೀಳುವಂತೆ ಮಾಡಿ ಹಸಿರನ್ನು ಪುಕ್ಕಟೆ ಗಿಟ್ಟಿಸುವುದು. ಬರಿಯ ಕಾಗದವನ್ನು ಹಾಗೇ ಬಿಟ್ಟು ಅದನ್ನೇ ಬೆಳದಿಂಗಳು ಎನ್ನಿಸುವುದು. ಈ ಬಡತನ ನನಗೆ ಕಲಿಸಿದ್ದನ್ನು, ಮುಂದೆ ಗಣಕಯಂತ್ರ ಬಂದು ಲಕ್ಷ ಬಣ್ಣ ಕೊಟ್ಟಾಗಲೂ ಮರೆಯಲಾಗಲಿಲ್ಲ. ಬೆಳಗಿನ ಆರಕ್ಕೆ ಹಲಗೆಯ ಮುಂದೆ ಕೂರುವ ಅಭ್ಯಾಸ ಇಂದಿಗೂ ಇದೆ. ಮೊದಲ ಅರ್ಧ ಗಂಟೆ ಬರೆದದ್ದು ಬುಟ್ಟಿಗೆ ಹೋಗುತ್ತದೆ. ಆಮೇಲೆ ಕೈ ತಾನಾಗಿ ದಾರಿ ಹಿಡಿಯುತ್ತದೆ. ಆ ಅರ್ಧ ಗಂಟೆ ಕೂರದೆ ಒಂದು ದಿನವೂ ಕೈ ದಾರಿ ಹಿಡಿದದ್ದಿಲ್ಲ.

ಒಂದು ಸಲ ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಮೊದಲು. ಪ್ರಕಾಶಕರೊಬ್ಬರು ಹಿಂದಿನ ಮೂರು ಮುಖಪುಟಗಳ ಹಣವನ್ನು "ಬರುವ ವಾರ, ಬರುವ ವಾರ" ಎನ್ನುತ್ತ ಮುಂದೂಡುತ್ತಿದ್ದರು. ಮಗಳ ಶಾಲೆಯ ಫೀಜು ಕಟ್ಟಬೇಕಿತ್ತು. ಒಂದೇ ವಾರದಲ್ಲಿ ಆರು ಮುಖಪುಟ ಒಪ್ಪಿಕೊಂಡೆ. ಅದರಲ್ಲೊಂದು ವಯಸ್ಸಾದ ಲೇಖಕಿಯೊಬ್ಬರ ಮೊದಲ ಕಾದಂಬರಿ. ಹಸ್ತಪ್ರತಿ ನನ್ನ ಮೇಜಿನ ಮೇಲೆಯೇ ಇತ್ತು. ಓದಲಿಲ್ಲ. ಹೆಂಗಸೊಬ್ಬಳ ಕಥೆಯೆಂದು ಪ್ರಕಾಶಕರು ಹೇಳಿದ್ದರು, ಸಾಕಲ್ಲ. ಕಿಟಕಿಯ ಬಳಿ ಬೆನ್ನು ಮಾಡಿ ನಿಂತ ಹುಡುಗಿ, ಮೊಣಕಾಲಿನವರೆಗೆ ಇಳಿದ ಜಡೆ, ಜಡೆಯಲ್ಲಿ ಮಲ್ಲಿಗೆ. ಗೆರೆ ಚೆನ್ನಾಗಿಯೇ ಬಂದಿತ್ತು, ಪ್ರಕಾಶಕರು ಹೊಗಳಿದರು.

ಪುಸ್ತಕ ಅಚ್ಚಾದ ಮೇಲೆ ಆ ತಾಯಿ ಒಂದು ಪ್ರತಿ ಹಿಡಿದು ನಮ್ಮ ಮನೆಗೆ ಬಂದರು. ಜಗುಲಿಯ ಮೇಲೆ ಕುಳಿತು ನೀರು ಕುಡಿದರು. "ನೀವು ಓದಲಿಲ್ಲ, ಅಲ್ಲವೆ?" ಎಂದು ಮೆಲ್ಲನೆ ಕೇಳಿದರು. ಅವರು ಹೋದ ಮೇಲೆ ಓದಿದೆ. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು ಅರವತ್ತು ವರ್ಷ ಅಡಿಗೆಮನೆಯಲ್ಲಿ ಬದುಕಿದವಳ ಕಥೆ ಅದು. ಮೂರನೆಯ ಅಧ್ಯಾಯದಲ್ಲಿಯೇ ಕ್ಷೌರಿಕ ಬರುತ್ತಾನೆ. ಅವಳ ಜಡೆ ಅಂಗಳದಲ್ಲಿ ಬಿದ್ದಿರುತ್ತದೆ. ಸಾವಿರ ಪ್ರತಿಗಳ ಮೇಲೆ ನಾನು ಆ ಜಡೆಯನ್ನು ಮಲ್ಲಿಗೆ ಮುಡಿಸಿ ಬರೆದಿದ್ದೆ. ಆ ಪುಸ್ತಕ ಮತ್ತೆ ಅಚ್ಚಾಗಲಿಲ್ಲ. ತಿದ್ದುವ ಅವಕಾಶವೂ ನನಗೆ ಸಿಗಲಿಲ್ಲ.

ಹಣಕ್ಕಾಗಿ ಬರೆದದ್ದರಿಂದ ಚಿತ್ರ ಕೆಟ್ಟಿತೆಂದು ನೀವು ಹೇಳಬಹುದು. ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಹಣಕ್ಕಾಗಿಯೇ ಬರೆದ ಎಷ್ಟೋ ಮುಖಪುಟಗಳು ಚೆನ್ನಾಗಿಯೇ ಬಂದಿವೆ. ಕೆಡಿಸಿದ್ದು ಓದದೆ ಹೋದದ್ದು. ಬರಬೇಕಾದ ಹಣ ಬರದೆ, ಓದುವ ಎರಡು ದಿನವನ್ನು ಮಾರಿಕೊಂಡದ್ದು. ತಪ್ಪು ನನ್ನದೇ, ಅದನ್ನು ಪ್ರಕಾಶಕರ ತಲೆಗೆ ಕಟ್ಟುವುದಿಲ್ಲ. ಆದರೆ ಟ್ರೊಲೋಪನಿಗೆ ಅಂಚೆ ಕಚೇರಿಯ ಸಂಬಳವಿತ್ತು, ಮಾಸ್ತಿಯವರಿಗೆ ಸರ್ಕಾರದ ಸಂಬಳವಿತ್ತು ಎಂಬುದನ್ನು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಅದಾದ ಮೇಲೆ ಹಸ್ತಪ್ರತಿಯನ್ನು ಕೊನೆಯವರೆಗೆ ಓದದೆ ಕುಂಚ ಮುಟ್ಟಿಲ್ಲ. ಇದರಿಂದ ತಿಂಗಳಿಗೆ ಎರಡು ಮೂರು ಕೆಲಸ ಕೈಬಿಟ್ಟವು. ಮನೆಯಲ್ಲಿ ಇದರ ಮಾತು ಆಡಿದ್ದೂ ಉಂಟು, ಆಡದೆ ಮೌನವಾಗಿದ್ದದ್ದೂ ಉಂಟು.

ಇನ್ನೊಂದು ಸಣ್ಣ ಮಾತು, ಕೋಪಿಸಿಕೊಳ್ಳಬೇಡಿ. ಮದುವೆಯ ಮನೆಯಲ್ಲಿ ವಾಲಗದವರಿಗೆ ಮುಂಗಡ ಕೊಡುತ್ತೀರಿ, ಚಪ್ಪರದವನಿಗೆ ಕೊಡುತ್ತೀರಿ, ಕರೆಯೋಲೆ ಅಚ್ಚು ಹಾಕಿದವನಿಗೂ ಕೊಡುತ್ತೀರಿ. ಆ ಕರೆಯೋಲೆಯ ಮೇಲಿನ ಗಣಪತಿಯನ್ನು ಬರೆದವನಿಗೆ ಮಾತ್ರ "ನಿಮಗೇನು, ಐದು ನಿಮಿಷದ ಕೆಲಸ" ಎನ್ನುತ್ತೀರಿ. ಐದು ನಿಮಿಷದ ಕೆಲಸವೇ ಹೌದು. ಅದು ಐದು ನಿಮಿಷಕ್ಕೆ ಇಳಿಯಲು ಹಿಡಿದ ಇಪ್ಪತ್ತು ವರ್ಷಕ್ಕೆ ಅವನು ಲೆಕ್ಕ ಬರೆದು ಕೊಡುವುದಿಲ್ಲ, ಅಷ್ಟೆ.

ಮೊನ್ನೆ ಆ ತಂದೆ, ಮಗ ಮತ್ತೆ ಬಂದರು. ಈ ಸಲ ನಾನೇ ಹೇಳಿಕಳುಹಿಸಿದ್ದೆ. ಹುಡುಗನ ಪುಸ್ತಕ ತೆಗೆಸಿ ನೋಡಿದೆ. ಒಂದೇ ಸೈಕಲ್ಲನ್ನು ಹನ್ನೊಂದು ಸಲ ಬರೆದಿದ್ದ. ಮೊದಲ ನಾಲ್ಕರಲ್ಲಿ ಸರಪಳಿ ಎಲ್ಲಿಂದೆಲ್ಲಿಗೋ ಹೋಗಿತ್ತು, ಎಂಟನೆಯದರಲ್ಲಿ ಸರಿಯಾಗಿತ್ತು. ಆಮೇಲೂ ಮೂರು ಸಲ ಬರೆದದ್ದೇಕೆ ಎಂದು ಕೇಳಿದೆ. "ಎಂಟನೆಯದು ಸರಿಯಾಗಿದೆ, ಆದರೆ ಅದು ನಮ್ಮ ಸೈಕಲ್ಲಿನ ಹಾಗಿಲ್ಲ ತಾತ" ಎಂದ. ಅವರ ಸೈಕಲ್ಲಿನ ಹಿಂದಿನ ಚಕ್ರ ಸ್ವಲ್ಪ ಸೊಟ್ಟವಂತೆ.

ತಂದೆ ಅಲ್ಲಿಯವರೆಗೆ ಸುಮ್ಮನಿದ್ದರು. ಕಾಫಿ ಲೋಟ ಕೆಳಗಿಟ್ಟು, "ಒಂದು ಮುಖಪುಟಕ್ಕೆ ಈಗ ಎಷ್ಟು ಕೊಡುತ್ತಾರೆ ಸ್ವಾಮಿ?" ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆರಳು ಮಡಿಚಿ ಏನೋ ಎಣಿಸಿದರು. "ತಿಂಗಳಿಗೆ ಎಷ್ಟು ಬರುತ್ತವೆ?" ಎಂದರು. ಅದನ್ನೂ ಹೇಳಿದೆ. ಮತ್ತೆ ಮೊದಲಿನಿಂದ ಎಣಿಸತೊಡಗಿದರು. ಹುಡುಗ ಈ ಸಲ ಹಾಸುಗಲ್ಲು ಎಣಿಸದೆ ತಂದೆಯ ಬೆರಳುಗಳನ್ನೇ ನೋಡುತ್ತಿದ್ದ.