ಕೆಂಬಾಳೆ ಮತ್ತು ನಮ್ಮೂರ ಹೆಸರು



ಬೆಂಗಳೂರಿನಲ್ಲಿ ಸಹೋದ್ಯೋಗಿಯೊಬ್ಬರು ಅಂಗಡಿಯ ಕೆಂಬಾಳೆ ತೋರಿಸಿ, ‘ನಿಮ್ಮ ಕಮಲಾಪುರದ್ದಾ?’ ಎಂದರು. ಎದೆಯುಬ್ಬಿತು. ನಕಾಶೆಯಲ್ಲಿ ಹುಡುಕಬೇಕಾದ ಊರನ್ನು ಪೇಟೆ ಗುರುತಿಸಿತ್ತು. ನಮ್ಮ ಕೆಂಬಾಳೆಗೆ ಜಿಐ ಮಾನ್ಯತೆ ಇದೆ. ಕಲಬುರಗಿ ತೊಗರಿಬೇಳೆಗೂ 2019ರಲ್ಲಿ ಸಿಕ್ಕಿತು. ಈ ಹೆಸರಿನಲ್ಲಿ ಬೇರೆ ಊರಿನ ಮಾಲು ಮಾರುವಂತಿಲ್ಲ. ಹೆಸರಿಗೇನೋ ಕಾವಲಿದೆ, ಗಿಡಕ್ಕೆ? ಕೆಂಬಾಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟು ದಿನ ಸಾಲಗಾರ ಕಾಯುತ್ತಾನೆಯೇ? ನಾನು ಕಲಬುರಗಿಯಲ್ಲಿ ಬಿ.ಇ. ಓದುವಾಗ, ಫೀಸಿಗೆಂದು ಅಪ್ಪ ಬಾಳೆ ಕಿತ್ತು ಬೇಗ ದುಡ್ಡು ಬರುವ ಬೆಳೆ ಹಾಕಿದರು. ನನ್ನ ಓದಿಗೆ ಹೋದದ್ದು ಆ ತೋಟ.

ಅಂದಹಾಗೆ, ಅಂಗಡಿಯವನು ‘ಇದು ತಮಿಳುನಾಡಿಂದು ಸಾರ್’ ಅಂದ. ಆದರೂ ಕೊಂಡೆ. ರುಚಿ ನಮ್ಮ ಹೊಲದ್ದರ ಹಾಗಿರಲಿಲ್ಲ, ಅಥವಾ ನನಗೆ ಹಾಗನ್ನಿಸಿತೋ ಏನೋ. ಈ ವರ್ಷ ಅಪ್ಪ ಮತ್ತೆ ಇಪ್ಪತ್ತು ಕಂದು ನೆಟ್ಟಿದ್ದಾರೆ. ಮೊದಲ ಗೊನೆ ಶಾಲೆಯ ಮಕ್ಕಳಿಗೆ.